1000 ನ್ಯೂಟನ್ ಬಲ ಓರೆಯಾಗಿ ಬೀಳುತ್ತಿದ್ದರೆ ಆನ್ಸಿಸ್‌ನಲ್ಲಿ ಎಕ್ಸ್, ವೈ, ಝಡ್‌ಗೆ ಏನು ಹಾಕಬೇಕು?

ನಿಮ್ಮ ಬ್ರಾಕೆಟ್‌ನ ತುದಿಗೆ 1000 ನ್ಯೂಟನ್ ಬಲ, ಅಡ್ಡಗೆರೆಯಿಂದ 30 ಡಿಗ್ರಿ ಕೆಳಕ್ಕೆ ವಾಲಿದೆ. ನೀವು ಎಕ್ಸ್‌ಗೆ 1000, ವೈಗೆ -1000 ಹಾಕಿದ್ದೀರಿ. ಆಗ ಆನ್ಸಿಸ್ ಎಂಬ ಈ ಬಲ-ಒತ್ತಡ ಲೆಕ್ಕದ ಸಾಫ್ಟ್‌ವೇರ್‌ಗೆ ಅದು 45 ಡಿಗ್ರಿಯಲ್ಲಿ ಬೀಳುವ 1414 ನ್ಯೂಟನ್. ಬಲವೂ ಜಾಸ್ತಿ, ದಿಕ್ಕೂ ತಪ್ಪು.

ಬಲದ ಡೀಟೇಲ್ಸ್‌ನಲ್ಲಿ 'ಡಿಫೈನ್ ಬೈ' ಎಂಬಲ್ಲಿ ವೆಕ್ಟರ್ ಬದಲು ಕಾಂಪೊನೆಂಟ್ಸ್ ಆರಿಸಿ. ಎಕ್ಸ್‌ಗೆ 1000 × ಕಾಸ್ 30, ಅಂದರೆ 866. ವೈಗೆ 1000 × ಸೈನ್ 30, ಅಂದರೆ 500. ಬಲ ಕೆಳಕ್ಕೆ, ವೈ ಅಕ್ಷ ಮೇಲಕ್ಕೆ, ಹಾಗಾಗಿ -500. ಝಡ್‌ಗೆ ಸೊನ್ನೆ. ನಿಮ್ಮ ಮಾಡೆಲ್‌ನಲ್ಲಿ ಮೇಲ್ಮುಖ ಅಕ್ಷ ಝಡ್ ಆಗಿದ್ದರೆ -500 ಅಲ್ಲಿಗೆ ಹೋಗುತ್ತದೆ. ಕ್ಯಾಡ್‌ನಿಂದ ತಂದ ಮಾಡೆಲ್ ಆದರೆ ಮೂಲೆಯಲ್ಲಿರುವ ಮೂರು ಬಾಣಗಳನ್ನು ಮೊದಲು ನೋಡಿಕೊಳ್ಳಿ.

ಇನ್ನು ನಾನು ಒಮ್ಮೆ ಮಾಡಿಕೊಂಡ ಎಡವಟ್ಟು. ಎಕ್ಸೆಲ್‌ನಲ್ಲಿ ಸುಮ್ನೆ ಕಾಸ್, ಸೈನ್ ಒಳಗೆ 30 ಹಾಕಿ 1000ರಿಂದ ಗುಣಿಸಿದೆ. 154 ಮತ್ತು -988 ಬಂತು. ಕೆಳಮುಖ ಬಲ ಅಲ್ವಾ, ಮೈನಸ್ ತಾನಾಗಿಯೇ ಬಂದಿದೆ ಅಂದುಕೊಂಡು ಖುಷಿಯಾಗಿ ಹಾಕಿಬಿಟ್ಟೆ! ಎಕ್ಸೆಲ್ ಕೋನವನ್ನು ರೇಡಿಯನ್‌ನಲ್ಲಿ ಓದುತ್ತದೆ. ನನ್ನ ಬಲ 30 ಡಿಗ್ರಿ ಬದಲು 81 ಡಿಗ್ರಿ ಇಳಿಜಾರಿನಲ್ಲಿ ನಿಂತಿತ್ತು. ಮಜಾ ಏನೆಂದರೆ, 154 ಮತ್ತು 988ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಆಗಲೂ 1000ವೇ ಬರುತ್ತದೆ. ಕೋನ ಯಾವುದೇ ಇರಲಿ, ಕಾಸ್ ವರ್ಗ, ಸೈನ್ ವರ್ಗ ಸೇರಿದರೆ 1 ಆಗುತ್ತದೆ. ಒಟ್ಟು ರಿಯಾಕ್ಷನ್, ಅಂದರೆ ಆಧಾರ ಹಿಂದಕ್ಕೆ ಕೊಡುವ ಬಲ, 1000 ಇದೆ ಎಂದು ನೋಡಿ ನಾನು ಎರಡು ದಿನ ಸಮಾಧಾನವಾಗಿದ್ದೆ. 30 ಅನ್ನು ರೇಡಿಯನ್ಸ್ ಫಂಕ್ಷನ್ ಒಳಗೆ ಹಾಕಿದರೆ ಸರಿಹೋಗುತ್ತದೆ.

ಬಲ ಹಾಕಲು ಎರಡು ಮುಖಗಳನ್ನು ಒಟ್ಟಿಗೆ ಆರಿಸಿದ್ದರೆ, ಬಲ ಇಮ್ಮಡಿಯಾಯಿತೇನೋ ಎಂಬ ಗಾಬರಿ ಬೇಡ. ಆನ್ಸಿಸ್ ಮೆಕ್ಯಾನಿಕಲ್ ಆ ಬಲವನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹಂಚುತ್ತದೆ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಅಬಾಕಸ್‌ನ ಕಾನ್ಸಂಟ್ರೇಟೆಡ್ ಫೋರ್ಸ್ ಹಾಗಲ್ಲ. ಹತ್ತು ನೋಡ್ (ಮಾಡೆಲ್‌ನ ಜಾಲದ ಬಿಂದುಗಳು) ಆರಿಸಿದರೆ ಪ್ರತಿಯೊಂದಕ್ಕೂ ಪೂರ್ತಿ ಬಲ ಬೀಳುತ್ತದೆ.

ಸಾಲ್ವ್ ಆದಮೇಲೆ ಫಿಕ್ಸ್ ಮಾಡಿದ ಮುಖಕ್ಕೆ ಫೋರ್ಸ್ ರಿಯಾಕ್ಷನ್ ಪ್ರೋಬ್ ಹಾಕಿ. ಒಟ್ಟು ಸಂಖ್ಯೆ ಬಿಡಿ, ಎಕ್ಸ್, ವೈ ಬೇರೆಬೇರೆ ನೋಡಿ. ಬೇರೆ ಲೋಡ್ ಇಲ್ಲದಿದ್ದರೆ ಎಕ್ಸ್‌ನಲ್ಲಿ -866, ವೈಯಲ್ಲಿ +500 ಬರಬೇಕು.