ನೀವು ಕೇಳಿದಿರಿ: ಕೊರಳವರೆಗೆ ಹೂತ ಹರವಿ

ಪ್ರಶ್ನೆ: ಮಗ ಜಾರ್ಜಿಯಾದ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ರಜೆಯಲ್ಲಿ ಕಾಖೇತಿ ಕಡೆಯ ಹಳ್ಳಿಗೆ ಹೋಗಿದ್ದನಂತೆ. ಅಲ್ಲಿ ಮಣ್ಣಿನ ದೊಡ್ಡ ಹರವಿಗಳನ್ನು ನೆಲದಲ್ಲಿ ಹೂತು ಮನೆಯಲ್ಲೇ ವೈನ್ ಮಾಡುತ್ತಾರೆ ಎನ್ನುತ್ತಾನೆ. ನಿಜವಾ? ಹೂಳುವುದು ಯಾಕೆ?
– ಒಬ್ಬ ತಾಯಿ, ಗದಗ

ಉತ್ತರ: ನಿಜ ತಾಯಿ. ಆ ಹರವಿಗೆ ಕ್ವೆವ್ರಿ ಅನ್ನುತ್ತಾರೆ. ಮೊಟ್ಟೆಯ ಆಕಾರ, ಚೂಪು ತಳ. ನೆಲದ ಮೇಲೆ ಕಾಣುವುದು ಬಾಯಿ ಮಾತ್ರ. ಕೆಲವಂತೂ ಆಳು ಒಳಗಿಳಿದು ತೊಳೆಯುವಷ್ಟು ದೊಡ್ಡವು.

ಗದಗಿನವರಿಗೆ ಜೋಳದ ಹಗೇವು ಗೊತ್ತಲ್ಲ, ಇದೂ ಅದೇ ಬುದ್ಧಿ. ಮೇಲೆ ಬಿಸಿಲಿರಲಿ, ಚಳಿಯಿರಲಿ, ನೆಲದೊಳಗೆ ತಂಪು ಅಷ್ಟಾಗಿ ಏರುಪೇರಾಗುವುದಿಲ್ಲ. ದ್ರಾಕ್ಷಿರಸ ಹುದುಗುವಾಗ ತಾನೇ ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದರೆ ಯೀಸ್ಟ್ ಸಾಯುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುತ್ತಲಿನ ಮಣ್ಣು ಆ ಬಿಸಿಯನ್ನು ಹೀರಿಕೊಳ್ಳುತ್ತದೆ.

ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಯ್ಲು. ಅದಕ್ಕೆ ರ್‌ತ್ವೇಲಿ ಎಂದು ಹೆಸರು. ನೆಂಟರು, ನೆರೆಯವರು ಎಲ್ಲರೂ ಕೈಹಾಕುತ್ತಾರೆ. ಮರದ ತೊಟ್ಟಿಯಲ್ಲಿ ಹಣ್ಣು ತುಳಿದು ರಸ, ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಕ್ವೆವ್ರಿಗೆ ಸುರಿಯುವುದು ಕಾಖೇತಿಯ ರೂಢಿ. ಹುದುಗುವಾಗ ಸಿಪ್ಪೆ ಮೇಲೆದ್ದು ದಪ್ಪ ಕೆನೆಗಟ್ಟುತ್ತದೆ. ಅದನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒಳಗೆ ಒತ್ತಬೇಕು. ಆಮೇಲೆ ಎಲ್ಲ ಕೆಳಗಿಳಿಯುತ್ತದೆ. ಚೂಪು ತಳದ ಜಾಣತನ ಇಲ್ಲಿದೆ ನೋಡಿ. ಬೀಜ ತಳದಲ್ಲಿ ಕೂರುತ್ತದೆ, ಮೇಲೆ ಸಿಪ್ಪೆ ಮುಚ್ಚುತ್ತದೆ, ಹಾಗಾಗಿ ಬೀಜದ ಕಹಿ ವೈನಿಗೆ ಜಾಸ್ತಿ ಇಳಿಯುವುದಿಲ್ಲ. ಬಾಯಿಗೆ ಮುಚ್ಚಳವಿಟ್ಟು ಮಣ್ಣು ಮೆತ್ತಿ, 5-6 ತಿಂಗಳು ಬಿಟ್ಟು ವಸಂತಕ್ಕೆ ತೆರೆಯುತ್ತಾರೆ. ಸಿಪ್ಪೆಯ ಜೊತೆ ಇಷ್ಟು ದಿನ ಇದ್ದದ್ದಕ್ಕೇ ಬಿಳಿ ದ್ರಾಕ್ಷಿಯ ವೈನೂ ಕಡು ಹಳದಿಗೆ ತಿರುಗುತ್ತದೆ. ಪಶ್ಚಿಮದ ಇಮೆರೆತಿಯಲ್ಲಿ ಸಿಪ್ಪೆ ಕಡಿಮೆ ಹಾಕುತ್ತಾರೆ.

ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು, ಇದೊಂದು ಹೇಳದೆ ಬಿಡಲಾರೆ. ಹುದುಗುವಾಗ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಪಾತ್ರೆಯಲ್ಲೇ ನಿಲ್ಲುತ್ತದೆ. ಹಗೇವಿಗೆ ಇಳಿಯುವ ಮುಂಚೆ ನಮ್ಮ ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದದ್ದು ಇಂಥ ಗಾಳಿಗೆ ಹೆದರಿಯೇ. ಫೋಟೋ ತೆಗೆಯಲು ತಲೆ ಒಳಗೆ ಹಾಕಬೇಡ ಅಂತ ಮಗನಿಗೆ ಹೇಳಿ.

ಪ್ರಶ್ನೆ: ನಾವು ಕುಂಬಾರರು. ಮಣ್ಣಿನ ಪಾತ್ರೆ ಜಿನುಗುತ್ತದೆ ಅಲ್ವಾ? ಅವರ ವೈನ್ ಸೋರುವುದಿಲ್ಲವೇ?
– ಹಾವೇರಿಯ ಓದುಗರು

ಉತ್ತರ: ಸುಟ್ಟ ಪಾತ್ರೆ ಇನ್ನೂ ಬಿಸಿಯಿರುವಾಗ ಒಳಮೈಗೆ ಜೇನುಮೇಣ ಸವರುತ್ತಾರೆ. ಮೇಣ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ತೊಳೆಯುವುದೂ ಸುಲಭವಾಗುತ್ತದೆ. ಉದ್ದ ಕೋಲಿಗೆ ಚೆರ್ರಿ ಮರದ ತೊಗಟೆ ಕಟ್ಟಿದ ಕುಂಚ ಇದಕ್ಕೇ ಇದೆ.

ನಿಮಗೆ ಸೋಜಿಗವೆನಿಸುವ ಸಂಗತಿ ಬೇರೆ. ಇಷ್ಟು ದೊಡ್ಡ ಪಾತ್ರೆಯನ್ನು ತಿಗರಿಯ ಮೇಲೆ ತಿರುಗಿಸುವುದಿಲ್ಲ! ಮಣ್ಣಿನ ಸುರುಳಿಯನ್ನು ಕೈಯಲ್ಲೇ ಸುತ್ತುಸುತ್ತಾಗಿ ಏರಿಸುತ್ತಾರೆ. ಕೆಳಗಿನ ಸುತ್ತು ಸ್ವಲ್ಪ ಗಟ್ಟಿಯಾದ ಮೇಲೆಯೇ ಮುಂದಿನದು. ಅವಸರ ಮಾಡಿದರೆ ಕುಸಿಯುತ್ತದೆ. ಇಮೆರೆತಿಯ ಮಕತುಬಾನಿ, ಕಾಖೇತಿಯ ವರ್ದಿಸುಬಾನಿ ಈ ಕೆಲಸಕ್ಕೆ ಹೆಸರಾದ ಹಳ್ಳಿಗಳು. 2013ರಲ್ಲಿ ಯುನೆಸ್ಕೋ ಈ ವಿಧಾನವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲೂ ಮಗ ಅಪ್ಪನಿಂದ ನೋಡಿಯೇ ಕಲಿಯುತ್ತಾನೆ. ಹಾಗಂತ ಹಿತ್ತಲಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಲೈಸೆನ್ಸ್ ಇಲ್ಲದೆ ಮದ್ಯ ಮಾಡಲು ನಮ್ಮ ಅಬಕಾರಿ ಕಾನೂನು ಬಿಡುವುದಿಲ್ಲ. ಪಾತ್ರೆ ಮಾಡಿ ನೋಡಲು ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ಜಾರ್ಜಿಯಾದ ವೈನ್ 8,000 ವರ್ಷ ಹಳೆಯದು ಅನ್ನುವುದು ಸುಮ್ನೆ ಪ್ರಚಾರವೇ?
– ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಪೂರ್ತಿ ಪ್ರಚಾರವಲ್ಲ. ಟಿಬಿಲಿಸಿಯ ದಕ್ಷಿಣಕ್ಕಿರುವ ಗಡಚ್ರಿಲಿ ಗೋರಾ, ಶುಲಾವೇರಿಸ್ ಗೋರಾ ಎಂಬ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳ ಪರೀಕ್ಷೆಯ ವರದಿ 2017ರಲ್ಲಿ ಬಂತು. ಚೂರುಗಳು ಕ್ರಿ.ಪೂ. 6000ದ ಆಸುಪಾಸಿನವು. ಅವುಗಳಲ್ಲಿ ಟಾರ್ಟಾರಿಕ್ ಆಮ್ಲದ ಕುರುಹು ಇತ್ತು. ನಮ್ಮ ಹುಣಸೆಯ ಹುಳಿಯೂ ಅದೇ. ಆದರೆ ಆ ಸೀಮೆಯಲ್ಲಿ ಅದು ಸಿಕ್ಕರೆ ದ್ರಾಕ್ಷಿಯತ್ತಲೇ ಬೆರಳು ತೋರಿಸಬೇಕು. ವೈನ್ ಅಷ್ಟು ಹಳೆಯದು ಅನ್ನಬಹುದು. ಹೂತಿಡುವ ಪದ್ಧತಿಯೂ ಅಷ್ಟೇ ಹಳೆಯದು ಅನ್ನಲು ಆ ಚೂರುಗಳು ಸಾಲವು.

ಪ್ರಶ್ನೆ: ನನ್ನ ಮಗಳು ಕುಡಿಯುವುದಿಲ್ಲ. ಅಲ್ಲಿನ ಊಟಕ್ಕೆ ಕರೆದರೆ ಏನು ಮಾಡಬೇಕು?
– ಧಾರವಾಡದ ಓದುಗರು

ಉತ್ತರ: ಹೋಗಲಿ, ಆ ಊಟ ನೋಡಬೇಕಾದದ್ದೇ. ಅದಕ್ಕೆ ಸುಪ್ರಾ ಎನ್ನುತ್ತಾರೆ. ಹೇಗೆಂದರೆ ಹಾಗೆ ಕುಡಿಯುವ ಕೂಟವಲ್ಲ. ತಮಾದಾ ಎಂಬ ಹಿರಿಯ ಎದ್ದು ಶಾಂತಿಗೆ, ತೀರಿಹೋದವರಿಗೆ, ಮಕ್ಕಳಿಗೆ ಎಂದು ಒಂದೊಂದಾಗಿ ಮಾತು ಹೇಳುತ್ತಾನೆ. ಆಮೇಲೆಯೇ ಲೋಟ ಎತ್ತುವುದು. ಮಗಳು ಮೊದಲೇ ಮನೆಯವರಿಗೆ ತಿಳಿಸಿ, ಹಣ್ಣಿನ ರಸದ ಲೋಟ ಹಿಡಿಯಲಿ. ಬರುವಾಗ ಚುರ್ಚ್‌ಖೇಲಾ ತರಲು ಹೇಳಿ: ಆಕ್ರೋಟು ಪೋಣಿಸಿದ ದಾರವನ್ನು ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ್ದು. ತಿನ್ನುವ ಮುಂಚೆ ದಾರ ಎಳೆದುಬಿಡಿ.