ಮಕ್ಕಳು ಕಡಿಮೆ, ಜನ ಜಾಸ್ತಿ: ಲೆಕ್ಕದ ಮೇಷ್ಟ್ರಿಗೆ ಉತ್ತರ

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಬಂತು. ನಾಲ್ಕು ಹಾಳೆ, ಎರಡೂ ಬದಿ, ಜೊತೆಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದ ನಮ್ಮದೇ ಪತ್ರಿಕೆಯ ಒಂದು ಪುಟ. ಬದುಕಿಡೀ ಲೆಕ್ಕ ಹೇಳಿಕೊಟ್ಟವರ ಕೈಗೆ ಸಿಕ್ಕಿಬಿದ್ದರೆ ಹೀಗೇ ಆಗೋದು. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ತಕರಾರುಗಳನ್ನು ಮೊದಲು ಹೇಳಿಬಿಡುತ್ತೇನೆ. ಹೋದ ತಿಂಗಳ ಕೊಳದ ಒಗಟಿಗೆ ನಾವು ಕೊಟ್ಟ ಉತ್ತರ ತಪ್ಪು. ಅದೇ ಸಂಚಿಕೆಯ ಒಂದು ಲೇಖನ ಜಗತ್ತಿನಲ್ಲಿ ಮಕ್ಕಳನ್ನು ಹೆರೋದು ಕಡಿಮೆಯಾಗುತ್ತಿದೆ ಅನ್ನುತ್ತದೆ, ಇನ್ನೊಂದು ಜನಸಂಖ್ಯೆ ಏರುತ್ತಲೇ ಇದೆ ಅನ್ನುತ್ತದೆ, ಎರಡರಲ್ಲಿ ಒಂದು ಸುಳ್ಳಿರಬೇಕು. ಆಮೇಲೆ, ಮಿತಿ ಮೀರಿ ಬೆಳೆದ ಪ್ರಾಣಿಯನ್ನು ಪ್ರಕೃತಿ ಸುಮ್ನೆ ಬಿಡೋದಿಲ್ಲ, ಮನುಷ್ಯನಿಗೂ ಅದೇ ಗತಿ ಅಲ್ವಾ? ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು: ‘ಜನಸಂಖ್ಯೆ ಇದ್ದಷ್ಟೇ ಇರೋಕೆ ದಂಪತಿಗೆ 2.1 ಮಕ್ಕಳು ಬೇಕು ಅಂತ ಬರೆದಿದ್ದೀರಿ, ಆ 0.1 ಮಗು ಯಾರ ಮನೆಯಲ್ಲಿದೆ?’

ಒಗಟಿನ ವಿಷಯದಲ್ಲಿ ತಪ್ಪು ನಮ್ಮದೇ. ದಿನಕ್ಕೆ ದುಪ್ಪಟ್ಟಾಗುವ ಗಿಡ 30 ದಿನಕ್ಕೆ ಕೊಳವನ್ನೆಲ್ಲಾ ಮುಚ್ಚಿದರೆ ಅರ್ಧ ಕೊಳ ಮುಚ್ಚೋದು 29ನೇ ದಿನ. ನಾವು 15 ಅಂತ ಅಚ್ಚು ಹಾಕಿದ್ದೆವು. ಕರಡು ನೋಡಿದ್ದು ನಾನೇ. ಆದರೆ ಈ ತಪ್ಪು ಎಲ್ಲರೂ ಮಾಡುವಂಥದ್ದು, ಅದಕ್ಕೇ ಒಂದು ಮಾತು ಸೇರಿಸುತ್ತೇನೆ. 25ನೇ ದಿನ ಹೋಗಿ ದಡದಲ್ಲಿ ನಿಂತರೆ ಕೊಳದ 32ರಲ್ಲಿ ಒಂದೇ ಪಾಲು ಹಸಿರು. ಏನೂ ಆಗಿಲ್ಲ, ಎಲ್ಲಾ ನೀರೇ ಕಾಣುತ್ತಿದೆ ಅಂತ ವಾಪಸ್ ಬರುತ್ತೀರಿ. ಇನ್ನು ಐದು ದಿನ ಅಷ್ಟೇ. ಬ್ಯಾಕ್ಟೀರಿಯಾ ಇನ್ನೂ ಜೋರು. ಅನುಕೂಲವಿದ್ದರೆ ಕೆಲವು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ, ಒಂದರಿಂದ ಶುರುವಾದರೂ 10 ಗಂಟೆಗೆ 107 ಕೋಟಿ. ಎರಡು ದಿನ ಇದೇ ವೇಗದಲ್ಲಿ ನಡೆದರೆ ಅವುಗಳ ಒಟ್ಟು ತೂಕ ಭೂಮಿಯ ತೂಕವನ್ನೇ ಮೀರುತ್ತದೆ. ಹಾಗೆ ಆಗೋದಿಲ್ಲ. ಅನ್ನ ಮುಗಿಯುತ್ತದೆ, ತಾವೇ ಬಿಟ್ಟ ಕೊಳೆಯಲ್ಲಿ ಉಸಿರು ಕಟ್ಟುತ್ತದೆ. 1838ರಲ್ಲೇ ಬೆಲ್ಜಿಯಂನ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞ ಇದನ್ನು ಸಮೀಕರಣದಲ್ಲಿ ಬರೆದಿದ್ದ: ಮೊದಲು ನಿಧಾನ, ಆಮೇಲೆ ಓಟ, ಜಾಗ ತುಂಬುತ್ತಾ ಬಂದ ಹಾಗೆ ಮತ್ತೆ ನಿಧಾನ. ನಕ್ಷೆಯಲ್ಲಿ S ಅಕ್ಷರದ ಹಾಗೆ ಬಾಗುವ ಆ ಗೆರೆ ನಿಮಗೆ ಗೊತ್ತಿರೋದೇ, ಮುಂದೆ ಹೋಗೋಣ.

ಈಗ ಎರಡನೆಯದು, ನನಗೆ ನಿಜವಾಗಿ ಇಷ್ಟವಾದ ಪ್ರಶ್ನೆ. ಎರಡು ಲೇಖನವೂ ಸರಿ ಮೇಷ್ಟ್ರೇ. 1960ರ ದಶಕದಲ್ಲಿ ಜಗತ್ತಿನ ಒಬ್ಬ ಹೆಂಗಸಿಗೆ ಸರಾಸರಿ ಐದು ಮಕ್ಕಳಿದ್ದರು, ಈಗ ಎರಡೂಕಾಲರ ಆಸುಪಾಸು. ಆದರೂ 2022ರ ನವೆಂಬರ್‌ನಲ್ಲಿ ನಾವು 800 ಕೋಟಿ ದಾಟಿದೆವು. ಇದು ಹೇಗೆ ಅಂತ ನೋಡೋಕೆ ಒಂದು ಕಾಲ್ಪನಿಕ ಊರು ಕಟ್ಟೋಣ. ಅಲ್ಲಿ ಎಲ್ಲರೂ 90 ವರ್ಷ ಬದುಕುತ್ತಾರೆ, ನಡುವೆ ಯಾರೂ ಸಾಯೋದಿಲ್ಲ, ಯಾರೂ ಊರು ಬಿಡೋದೂ ಇಲ್ಲ. ಅಜ್ಜ ಅಜ್ಜಿಯರು 100 ಜನ, ನಡುವಯಸ್ಸಿನವರು 200, ಮಕ್ಕಳು 400, ಯಾಕಂದರೆ ಇಷ್ಟು ದಿನ ಪ್ರತಿ ಜೋಡಿಗೂ ನಾಲ್ಕು ಮಕ್ಕಳಾಗುತ್ತಿದ್ದವು. ಒಟ್ಟು 700. ಇವತ್ತಿನಿಂದ ಜೋಡಿಗೆ ಎರಡೇ ಮಕ್ಕಳು ಅಂತ ಊರಿಗೆ ಊರೇ ತೀರ್ಮಾನ ಮಾಡಿತು ಅಂತಿಟ್ಟುಕೊಳ್ಳಿ. 30 ವರ್ಷ ಕಳೆಯಲಿ. ಆ 100 ಜನ ಅಜ್ಜ ಅಜ್ಜಿ ಹೋದರು, ಆ ಜಾಗಕ್ಕೆ 200 ಜನ ಬಂದರು, ಮಕ್ಕಳಾಗಿದ್ದ 400 ಜನ ಅಪ್ಪ ಅಮ್ಮ ಆದರು, ಅವರಿಗೆ 400 ಮಕ್ಕಳು. ಊರು ಈಗ 1000. ಇನ್ನೂ 30 ವರ್ಷ ಬಿಟ್ಟು ನೋಡಿ, ಮೂರೂ ತಲೆಮಾರು 400, 400, 400. ಒಟ್ಟು 1200. ಅಲ್ಲಿಗೆ ನಿಂತಿತು. ಒಬ್ಬರೂ ಎರಡಕ್ಕಿಂತ ಜಾಸ್ತಿ ಹೆರಲಿಲ್ಲ, ಆದರೂ ಊರು 60 ವರ್ಷ ಬೆಳೆಯಿತು!

ಜೋಡಿಗೆ ಒಂದೂವರೆ ಮಗು ಅಂತ ಇಟ್ಟು ನೀವೇ ಮಾಡಿ ನೋಡಿ. 700 ಇದ್ದದ್ದು 900 ಆಗುತ್ತದೆ, ಆಮೇಲೆ 925, ಆಮೇಲೆ ಧೊಪ್ಪನೆ 700ರ ಕೆಳಗೆ. ಬೆಳೆದದ್ದು ಹೆರಿಗೆಯಿಂದಲ್ಲ, ಆಗಲೇ ಹುಟ್ಟಿ ಆಡುತ್ತಿದ್ದ ಆ 400 ಮಕ್ಕಳಿಂದ. ಓಡುವ ಗಾಡಿಗೆ ಬ್ರೇಕ್ ಹಾಕಿದರೂ ಒಂದಷ್ಟು ದೂರ ಜಾರಿಕೊಂಡು ಹೋಗುವುದಿಲ್ಲವೇ, ಇದೂ ಹಾಗೇ. ಜಗತ್ತು ಈಗ ಜಾರುತ್ತಿರುವ ಗಾಡಿ. 2023ರಲ್ಲಿ ಸುಮಾರು 13 ಕೋಟಿ ಮಕ್ಕಳು ಹುಟ್ಟಿದರು, ಸುಮಾರು 6 ಕೋಟಿ ಜನ ತೀರಿಕೊಂಡರು. ವಯಸ್ಸಾದವರ ಗುಂಪು ಇನ್ನೂ ಚಿಕ್ಕದು, ಅದಕ್ಕೇ ಸಾವು ಕಡಿಮೆ. ಆ ಗುಂಪು ದೊಡ್ಡದಾದ ಹಾಗೆ ಎರಡೂ ಸಂಖ್ಯೆ ಹತ್ತಿರ ಬರುತ್ತವೆ.

ಆ 400 ಮಕ್ಕಳು ಎಲ್ಲಿಂದ ಬಂದರು ಅಂತ ಕೇಳುತ್ತೀರಿ, ಗೊತ್ತು. ಹಿಂದಿನವರು ಇವತ್ತಿನವರಿಗಿಂತ ಕಡಿಮೆಯೇನೂ ಹೆರುತ್ತಿರಲಿಲ್ಲ. ಹೂಳುತ್ತಿದ್ದರು, ಅಷ್ಟೇ. 1800ರ ಆಸುಪಾಸಿನಲ್ಲಿ ಹುಟ್ಟಿದ 100 ಮಕ್ಕಳಲ್ಲಿ 40ಕ್ಕೂ ಹೆಚ್ಚು ಮಕ್ಕಳು ಐದನೇ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಈಗ ಅದು ನಾಲ್ಕಕ್ಕಿಂತ ಕಡಿಮೆ. ಶುದ್ಧ ನೀರು, ಲಸಿಕೆ, ಔಷಧಿ ಬಂದು ಸಾವು ಮೊದಲು ಇಳಿಯಿತು. ಹೆರಿಗೆ ತಡವಾಗಿ ಇಳಿಯಿತು, ಯಾಕಂದರೆ ಹುಟ್ಟಿದ್ದೆಲ್ಲಾ ಉಳಿಯುತ್ತದೆ ಅಂತ ಅಪ್ಪ ಅಮ್ಮಂದಿರಿಗೆ ನಂಬಿಕೆ ಬರೋಕೆ ಒಂದು ತಲೆಮಾರಾದರೂ ಬೇಕು, ನಂಬದೇ ಇದ್ದದ್ದಕ್ಕೆ ಅವರನ್ನು ಬೈಯೋಕೂ ಆಗೋದಿಲ್ಲ. ಆ ಅಂತರದಲ್ಲಿ ಬೆಳೆದದ್ದೇ ಈ ದೊಡ್ಡ ಸಂಖ್ಯೆ. ಹೋದ ಸಂಚಿಕೆಯ ಲೇಖನದ ಶೀರ್ಷಿಕೆಯಲ್ಲಿ ‘ಸ್ಫೋಟ’ ಅಂತ ಹಾಕಿದ್ದು ನನಗೇ ಈಗ ಸರಿ ಕಾಣುತ್ತಿಲ್ಲ. ಜನಸಂಖ್ಯೆ ಬೆಳೆಯುವ ವೇಗ ತುದಿಗೆ ಹೋಗಿದ್ದು 1960ರ ದಶಕದಲ್ಲಿ, ವರ್ಷಕ್ಕೆ ಶೇ. 2ಕ್ಕಿಂತ ತುಸು ಮೇಲೆ. ಈಗ ಶೇ. 1ಕ್ಕಿಂತ ಕೆಳಗೆ. ಅವಸರದಲ್ಲಿ ಸಿಕ್ಕ ಪದ ಅದು.

ಇನ್ನು ನಿಮ್ಮ ‘ಪ್ರಕೃತಿ ಸುಮ್ನೆ ಬಿಡೋದಿಲ್ಲ’ ಅನ್ನೋ ಮಾತು. ನಿಮ್ಮ ಪರವಾದ ಕಥೆಯನ್ನು ನಾನೇ ಹೇಳುತ್ತೇನೆ. ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದಲ್ಲಿ ಸೇಂಟ್ ಮ್ಯಾಥ್ಯೂ ಅಂತ ಒಂದು ದ್ವೀಪ. 1944ರಲ್ಲಿ ಅಮೆರಿಕದ ಕರಾವಳಿ ಪಡೆ ಅಲ್ಲಿ 29 ಹಿಮಸಾರಂಗಗಳನ್ನು ಬಿಟ್ಟಿತು. ಅಲ್ಲಿದ್ದ ಸಿಬ್ಬಂದಿಗೆ ಊಟದ ಕೊರತೆಯಾದರೆ ಇರಲಿ ಅಂತ. ಯುದ್ಧ ಮುಗಿಯಿತು, ಜನ ಹೊರಟರು, ಸಾರಂಗ ಉಳಿದವು. ಬೇಟೆಯಾಡೋಕೆ ತೋಳ ಇಲ್ಲ. ನೆಲದ ಮೇಲೆ ಅವುಗಳ ಮೇವಾದ ಕಲ್ಲುಹೂವು ದಪ್ಪ ಹಾಸಿಗೆಯ ಹಾಗೆ ಬೆಳೆದಿತ್ತು. ಡೇವಿಡ್ ಕ್ಲೈನ್ ಎಂಬ ವಿಜ್ಞಾನಿ 1957ರಲ್ಲಿ ಹೋಗಿ ಎಣಿಸಿದಾಗ 1350, ಎಲ್ಲವೂ ಕೊಬ್ಬಿ ಮೈ ತುಂಬಿಕೊಂಡಿದ್ದವು. 1963ರಲ್ಲಿ ಮತ್ತೆ ಹೋದರೆ 6000. ಈ ಸಲ ಮೈ ಇಳಿದಿತ್ತು, ಮರಿಗಳ ಪಾಲು ಕಡಿಮೆಯಾಗಿತ್ತು, ಕಲ್ಲುಹೂವು ಸವೆದುಹೋಗಿತ್ತು. 1966ರಲ್ಲಿ ಮೂರನೇ ಸಲ ಹೋದಾಗ ದ್ವೀಪದ ತುಂಬಾ ಮೂಳೆ. ಬದುಕಿದ್ದು 42. ಅದರಲ್ಲಿ 41 ಹೆಣ್ಣು, ಒಂದೇ ಗಂಡು, ಅದರ ಕೋಡೂ ಸರಿಯಾಗಿ ಬೆಳೆದಿರಲಿಲ್ಲ. ಒಂದೂ ಮರಿಯಿಲ್ಲ. ವಿಪರೀತ ಹಿಮ ಬಿದ್ದ ಒಂದೇ ಚಳಿಗಾಲ ಅವನ್ನು ಮುಗಿಸಿತ್ತು, ಆದರೆ ಹಿಮಕ್ಕಿಂತ ಮೊದಲೇ ಹಾಸಿಗೆ ಖಾಲಿಯಾಗಿತ್ತು ಅನ್ನೋದು ಮುಖ್ಯ.

ನಮಗೂ ಹೀಗೇ ಆಗೋದಿಲ್ಲ ಅಂತ ನಾನು ಹೇಳೋದಿಲ್ಲ. ನೀರು, ಮಣ್ಣು ಬಳಸುವ ರೀತಿ ನೋಡಿದರೆ ನಾವೂ ಕಲ್ಲುಹೂವು ಮೇಯುತ್ತಿದ್ದೇವೆ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ನೀವು ಪತ್ರದಲ್ಲಿ ಬಿಟ್ಟುಬಿಟ್ಟಿದ್ದೀರಿ. ಸಾರಂಗಕ್ಕೆ ಮರಿ ಕಡಿಮೆಯಾದದ್ದು ಹೊಟ್ಟೆಗಿಲ್ಲದೆ. ಮನುಷ್ಯರಲ್ಲಿ ಹೊಟ್ಟೆ ತುಂಬಿದ ಕಡೆಯೇ ಮಕ್ಕಳು ಕಡಿಮೆ. ಹೆಣ್ಣುಮಕ್ಕಳು ಓದಿದ ಕಡೆ, ಬೇಡ ಅಂದಾಗ ಬೇಡ ಅನ್ನೋಕೆ ದಾರಿ ಇರುವ ಕಡೆ, ಹೆತ್ತದ್ದು ಉಳಿಯುವ ಕಡೆ. 2023ರಲ್ಲಿ ದಕ್ಷಿಣ ಕೊರಿಯಾದ ಲೆಕ್ಕ ಹೆಂಗಸಿಗೆ 0.72 ಮಗು. ಆ ದೇಶ ಹಸಿದಿಲ್ಲ. ಕೊಳ ತುಂಬುವ ಮೊದಲೇ ಗಿಡ ತಾನಾಗಿ ನಿಧಾನವಾದ ಹಾಗಿದು, ವೆರ್‌ಹುಲ್ಸ್ಟ್‌ನ ಸಮೀಕರಣದಲ್ಲಿ ಇದಕ್ಕೆ ಜಾಗವೇ ಇಲ್ಲ. ವಿಶ್ವಸಂಸ್ಥೆ 2024ರಲ್ಲಿ ಮಾಡಿದ ಅಂದಾಜಿನಲ್ಲಿ ಜಗತ್ತಿನ ಜನಸಂಖ್ಯೆ 2080ರ ದಶಕದ ನಡುವೆ ಸುಮಾರು 1030 ಕೋಟಿಗೆ ಮುಟ್ಟಿ ಆಮೇಲೆ ಇಳಿಮುಖ. ಅಂದಾಜು ಅಂದಾಜೇ, ಕೆಂಪು ಶಾಯಿ ತೆಗೀಬೇಡಿ.

ಆ 0.1 ಮಗು. ಗಂಡ ಹೆಂಡತಿ ಇಬ್ಬರ ಜಾಗಕ್ಕೆ ಇಬ್ಬರು ಸಾಕು ಅನ್ನಿಸುತ್ತದೆ, ಸಾಕಾಗೋದಿಲ್ಲ. ಸುಮಾರು 100 ಹೆಣ್ಣುಮಕ್ಕಳಿಗೆ 105 ಗಂಡುಮಕ್ಕಳು ಹುಟ್ಟುತ್ತಾರೆ, ಹುಟ್ಟಿದ ಹೆಣ್ಣುಮಕ್ಕಳಲ್ಲೂ ಕೆಲವರು ತಾಯಿಯಾಗುವ ವಯಸ್ಸಿಗೆ ಮೊದಲೇ ತೀರಿಕೊಳ್ಳುತ್ತಾರೆ. ಆ ಕೊರತೆ ತುಂಬೋಕೆ ಹತ್ತು ಮನೆಗೆ ಒಂದು ಮಗು ಹೆಚ್ಚು ಬೇಕು. ಮಕ್ಕಳು ಜಾಸ್ತಿ ಸಾಯುವ ಕಡೆ 2.1 ಕೂಡ ಸಾಲದು.

ಒಗಟಿನ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ತಪ್ಪು ಹಿಡಿದವರು ಅಂತ ನಿಮ್ಮ ಹೆಸರು ಹಾಕಬಹುದಾ, ಒಂದು ಕಾರ್ಡ್ ಬರೆಯಿರಿ.

ಇಂತಿ,
ಸಂಪಾದಕ