ವಾಹನ ಪ್ರಶ್ನೋತ್ತರ: ಡ್ರ್ಯಾಗ್ ರೇಸಿನ ಡೀಸೆಲ್ ಎಂಜಿನ್‌ಗೆ ನೈಟ್ರಸ್ ಯಾವಾಗ?

ಪ್ರಶ್ನೆ: ಹಳೆಯ ಸ್ಕಾರ್ಪಿಯೊದಿಂದ ಇಳಿಸಿದ 2179 ಸಿಸಿಯ ಎಂಹಾಕ್ ಡೀಸೆಲ್ ಎಂಜಿನ್ ನಮ್ಮಲ್ಲಿದೆ. ಅದರ ಮೂಲ ಶಕ್ತಿ 120 ಅಶ್ವಶಕ್ತಿ. ಅದನ್ನು 250ಕ್ಕೆ ಏರಿಸಿ ಡ್ರ್ಯಾಗ್ ರೇಸಿಗೆ (ನೇರ ದಾರಿಯಲ್ಲಿ ಅಲ್ಪ ದೂರದ ವೇಗದ ಓಟ) ಸಿದ್ಧಪಡಿಸುವ ಆಸೆ ನಮ್ಮದು. ಮೊದಲೇ ನೈಟ್ರಸ್ ಕಿಟ್ (ಎಂಜಿನ್ನಿಗೆ ನೈಟ್ರಸ್ ಆಕ್ಸೈಡ್ ಅನಿಲ ಕೊಡುವ ಸಾಧನ) ಹಾಕಿಸಿದರೆ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಬದಲಿಸುವ ಖರ್ಚು ಉಳಿಯುತ್ತದೆಯೇ?
– ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಉಳಿಯುವುದಿಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿ ನಿರ್ಧಾರವಾಗುವುದು ಸುಟ್ಟ ಇಂಧನದ ಪ್ರಮಾಣದಿಂದ. ಆ ಇಂಧನ ಸುಡಲು ಗಾಳಿ ಸಾಲದಿದ್ದಾಗ ಹೊರಬರುವುದೇ ಕಪ್ಪು ಹೊಗೆ. ಲೆಕ್ಕ ಹಾಕಿ ನೋಡಿ. 250 ಅಶ್ವಶಕ್ತಿಗೆ ಗಂಟೆಗೆ ಸುಮಾರು 40 ಕಿಲೋ ಡೀಸೆಲ್ ಬೇಕು, ಅದು ಹೊಗೆಯಿಲ್ಲದೆ ಉರಿಯಲು ಅದರ ಇಪ್ಪತ್ತು ಪಟ್ಟು, ಅಂದರೆ 800 ಕಿಲೋ ಗಾಳಿ ಬೇಕು. ನಿಮ್ಮ ಎಂಜಿನ್ 4000 ಆರ್‌ಪಿಎಮ್‌ನಲ್ಲಿ ಅಷ್ಟು ಗಾಳಿ ನುಂಗಬೇಕಾದರೆ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಟರ್ಬೊ ಹೆಚ್ಚಿಸುವ ಒತ್ತಡ, ಸುಮಾರು 2.3 ಬಾರ್ ಇರಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ 650 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡವೇ ಶೇ 7ರಷ್ಟು ಕಡಿಮೆ. ಹಾಗಾಗಿ ಟರ್ಬೊ ಹೊರಗಿನ ಗಾಳಿಯನ್ನು ಮೂರೂವರೆ ಪಟ್ಟು ಒತ್ತಬೇಕಾಗುತ್ತದೆ. ಕಾರ್ಖಾನೆಯ ಪುಟ್ಟ ಟರ್ಬೊದಿಂದ ಅದು ಆಗುವ ಕೆಲಸವಲ್ಲ. ಒತ್ತಾಯಿಸಿದರೆ ಅದರ ವೇಗ ಮಿತಿ ಮೀರಿ ಟರ್ಬೊದೊಳಗಿನ ಚಕ್ರ ಒಡೆಯುತ್ತದೆ.

ಅಷ್ಟು ಒತ್ತಿದ ಗಾಳಿಯ ಉಷ್ಣತೆ ನಮ್ಮ ಬೇಸಿಗೆಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ದೊಡ್ಡ ಇಂಟರ್‌ಕೂಲರ್ ಅದನ್ನು 50 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಮಾತ್ರ ಮೇಲಿನ ಲೆಕ್ಕ ಸರಿಹೋಗುತ್ತದೆ. ಆದ್ದರಿಂದ ನಿಮ್ಮ ಹಣ ಮೊದಲು ಟರ್ಬೊ ಮತ್ತು ಇಂಟರ್‌ಕೂಲರಿಗೆ ಹೋಗಲಿ. ಅದರ ಜೊತೆಗೇ, ಅಷ್ಟೇ ಮುಖ್ಯವಾಗಿ, ಎಂಜಿನ್ನಿನ ಒಳಭಾಗಕ್ಕೆ ಹೋಗಲಿ. ಸಿಲಿಂಡರಿನ ಗರಿಷ್ಠ ಒತ್ತಡ ಏರಿದಾಗ ಮೊದಲು ಸೋಲುವುದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವೆ ಸೋರಿಕೆ ತಡೆಯುವ ಪದರ). ಮೂಲ ಬೋಲ್ಟುಗಳ ಜಾಗದಲ್ಲಿ ಗಟ್ಟಿಮುಟ್ಟಾದ ಸ್ಟಡ್‌ಗಳನ್ನು ಹಾಕಿ, ಹೆಡ್ಡಿನ ಮತ್ತು ಬ್ಲಾಕಿನ ಮುಖಗಳನ್ನು ಒಳ್ಳೆಯ ಲೇತ್ ಅಂಗಡಿಯಲ್ಲಿ ಸಮ ಮಾಡಿಸಿ. ಕನೆಕ್ಟಿಂಗ್ ರಾಡ್‌ಗಳನ್ನು ಬಿರುಕಿಗಾಗಿ ಪರೀಕ್ಷಿಸಿ, ಸಾಧ್ಯವಾದರೆ ಫೋರ್ಜ್ಡ್ ರಾಡ್ ಹಾಕಿಸಿ. ಕಂಪ್ರೆಷನ್ ಅನುಪಾತವನ್ನು (ಸಿಲಿಂಡರಿನಲ್ಲಿ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ) 15ರ ಹತ್ತಿರ ಇಳಿಸಿದರೆ ಒತ್ತಡಕ್ಕೆ ಸ್ವಲ್ಪ ಆಸ್ಪದ ಸಿಗುತ್ತದೆ, ಆದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಶುರುವಾಗಲು ತಡಮಾಡುತ್ತದೆ.

ಇಂಜೆಕ್ಟರ್‌ಗಳ ವಿಷಯದಲ್ಲಿ ಅವಸರ ಬೇಡ. ಮಾರುಕಟ್ಟೆಯಲ್ಲಿ ಸಿಗುವ ಅತಿ ದೊಡ್ಡ ನಾಝಲ್ ಕೊಂಡು ಹೊಗೆಯನ್ನೇ ಶಕ್ತಿ ಎಂದು ಭಾವಿಸುವವರನ್ನು ನಾನು ಬಹಳ ಕಂಡಿದ್ದೇನೆ, ಮತ್ತು ಪ್ರತಿ ಬಾರಿಯೂ ಬೇಸರಪಟ್ಟಿದ್ದೇನೆ. ಆ ಹೊಗೆಯ ಹಿಂದೆ ನಿಷ್ಕಾಸದ ಉಷ್ಣತೆ ಏರುತ್ತಿರುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು, ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ತಂಪುಗೊಳಿಸುವ ಎಣ್ಣೆ ಮತ್ತು ಸುತ್ತಲಿನ ಲೋಹ ಬಿಸಿಯನ್ನು ಎಳೆದುಕೊಳ್ಳುವುದರಿಂದಷ್ಟೇ ಪಿಸ್ಟನ್ ಉಳಿದಿರುತ್ತದೆ. ಟರ್ಬೊದ ಮುಂದೆ ಉಷ್ಣತೆಯ ಮಾಪಕ ಹಾಕಿಸದೆ ಒಂದೇ ಒಂದು ಓಟವನ್ನೂ ಓಡಬೇಡಿ.

ಇಷ್ಟಾದ ಮೇಲೆ ನೈಟ್ರಸ್. ಗಾಳಿಯ ತೂಕದಲ್ಲಿ ಶೇ 23ರಷ್ಟು ಆಮ್ಲಜನಕವಿದ್ದರೆ ನೈಟ್ರಸ್ ಆಕ್ಸೈಡಿನಲ್ಲಿ ಶೇ 36ರಷ್ಟಿದೆ, ಮತ್ತು ಅದು ದ್ರವರೂಪದಿಂದ ಆವಿಯಾಗುವಾಗ ಒಳಹೋಗುವ ಗಾಳಿಯನ್ನು ತಣಿಸುತ್ತದೆ. ಪೆಟ್ರೋಲ್ ಎಂಜಿನ್ನಿಗೆ ನೈಟ್ರಸ್ ಜೊತೆ ಹೆಚ್ಚುವರಿ ಇಂಧನ ಕೊಡಲೇಬೇಕು. ಡೀಸೆಲ್‌ನಲ್ಲಿ ಹೊಗೆಯಾಗಿ ಹೋಗುತ್ತಿದ್ದ ಇಂಧನವೇ ಉರಿದು ಶಕ್ತಿಯಾಗುತ್ತದೆ. ದೊಡ್ಡ ಟರ್ಬೊ ಎಚ್ಚೆತ್ತುಕೊಳ್ಳುವ ಮೊದಲ ಕ್ಷಣಗಳಲ್ಲಿ, 402 ಮೀಟರ್ ಓಟದ ಆರಂಭದಲ್ಲಿ, ಇದರ ಬೆಲೆ ನಿಜಕ್ಕೂ ತಿಳಿಯುತ್ತದೆ. ಆದರೆ ಕಡಿಮೆ ಆರ್‌ಪಿಎಮ್‌ನಲ್ಲಿ ಹೆಚ್ಚು ಕೊಟ್ಟರೆ ಒತ್ತಡ ಒಮ್ಮೆಲೇ ಎದ್ದು ರಾಡ್ ಬಾಗುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ, ನಿಗದಿತ ಆರ್‌ಪಿಎಮ್ ದಾಟಿದ ಮೇಲೆ ಮಾತ್ರ ತೆರೆಯುವ ಸ್ವಿಚ್ ಹಾಕಿಸಿ, ಅತಿ ಚಿಕ್ಕ ಜೆಟ್‌ನಿಂದ (ನೈಟ್ರಸ್ ಹರಿವನ್ನು ಅಳೆದು ಬಿಡುವ ರಂಧ್ರ) ಆರಂಭಿಸಿ.

ಪ್ರಶ್ನೆ: ನೈಟ್ರಸ್ ಸಿಲಿಂಡರನ್ನು ಬೇಸಿಗೆಯಲ್ಲಿ ಗಾಡಿಯಲ್ಲೇ ಇಡಬಹುದೇ?
– ಓದುಗರು, ಗದಗ

ಉತ್ತರ: ಇಡಬಾರದು. ನೈಟ್ರಸ್ ಆಕ್ಸೈಡ್ 36.4 ಡಿಗ್ರಿಯವರೆಗೆ ಮಾತ್ರ ದ್ರವವಾಗಿ ಉಳಿಯಬಲ್ಲದು. ಅಲ್ಲಿ ಅದರ ಒತ್ತಡ ಸುಮಾರು 72 ಬಾರ್. ಗದಗಿನ ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ ಆ ಗಡಿ ದಾಟುತ್ತದೆ, ಮುಚ್ಚಿದ ಕಾರಿನೊಳಗೆ ಬಹಳ ದಾಟುತ್ತದೆ. ಮುಂದೆ ಒತ್ತಡ ವೇಗವಾಗಿ ಏರಿ ಸುರಕ್ಷಾ ಡಿಸ್ಕ್ ಒಡೆಯಬಹುದು. ಒತ್ತಡ ಏರಿಸಲೆಂದು ಸಿಲಿಂಡರಿಗೆ ಬೆಂಕಿ ತಾಗಿಸುವುದು ಪ್ರಾಣಾಪಾಯದ ಕೆಲಸ. ಕವಾಟಕ್ಕಾಗಲಿ ಜೋಡಣೆಗಳಿಗಾಗಲಿ ಎಣ್ಣೆ, ಗ್ರೀಸ್ ಸೋಕಿಸಬೇಡಿ. ಆಸ್ಪತ್ರೆಯ ನೀಲಿ ಸಿಲಿಂಡರ್‌ಗಳತ್ತ ಕಣ್ಣು ಹಾಕಬೇಡಿ. ಅವು ರೋಗಿಗಳ ಅರಿವಳಿಕೆಗೆ ಮೀಸಲು.

ಪ್ರಶ್ನೆ: ರಾತ್ರಿ ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಒಮ್ಮೆ ಪರೀಕ್ಷಿಸಿ ನೋಡಿದರೆ ತಪ್ಪೇ?
– ಓದುಗರು, ಹಾವೇರಿ

ಉತ್ತರ: ತಪ್ಪು. ಎಷ್ಟೋ ಮನೆಗಳ ದೀಪ ಆರಿಸಿದ ರಸ್ತೆ ಅದು. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಓಡಿದರೆ ಮೊದಲ ಬಾರಿಗೇ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 52ನೇ ಕಲಮು ನೋಂದಾಯಿತ ವಾಹನದ ಇಂಥ ಬದಲಾವಣೆಯನ್ನೂ ತಡೆಯುತ್ತದೆ. ಎಂಜಿನ್ನನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಶ್ರುತಿಗೊಳಿಸಿ, ಗಾಡಿಯನ್ನು ಟ್ರೇಲರ್‌ನಲ್ಲಿ ಮುಚ್ಚಿದ ಟ್ರ್ಯಾಕಿಗೆ ಒಯ್ಯಿರಿ. ದೇಶದ ಮೋಟಾರು ಕ್ರೀಡೆಯ ಆಡಳಿತ ಎಫ್‌ಎಂಎಸ್‌ಸಿಐ ಸಂಸ್ಥೆಯದು. ಅದರ ಮನ್ನಣೆಯ ಕೂಟಗಳಿಗೆ ಸ್ಪರ್ಧಿಯ ಲೈಸೆನ್ಸ್ ಬೇಕು. ನಿಮ್ಮ ವರ್ಗದಲ್ಲಿ ನೈಟ್ರಸ್‌ಗೆ ಅನುಮತಿ ಇದೆಯೇ ಎಂಬುದನ್ನು ಕಿಟ್ ಕೊಳ್ಳುವ ಮೊದಲೇ ಸಂಘಟಕರಿಂದ ಬರೆಹದಲ್ಲಿ ಪಡೆದುಕೊಳ್ಳಿ.